ಮನೆಯಲ್ಲಿ ಯಾರ್ಯಾರು ಇದ್ದೀರಿ?

ಡಾಲಸ್ ಪಕ್ಕದ ಕ್ಯಾರಲ್ಟನ್‌ನ ನಮ್ಮ ಮನೆಯ ಮುಂದೆ ಬೆಳಿಗ್ಗೆ ಏಳೂವರೆಗೆ ಮೊದಲ ಕಾರು ಬಂದು ನಿಲ್ಲುತ್ತದೆ. ಲಾಸ್ ಕೊಲಿನಾಸ್‌ನ ಆಫೀಸಿಗೆ ಓಡುವ ಅವಸರದಲ್ಲಿರುವ ಅಪ್ಪನೋ ಅಮ್ಮನೋ ಮಗುವನ್ನು ನನ್ನ ಸೊಂಟಕ್ಕೆ ದಾಟಿಸಿ, ಡಯಾಪರ್ ಚೀಲವನ್ನು ಬಾಗಿಲ ಬಳಿ ಇಟ್ಟು, ಹಿಂತಿರುಗಿ ನೋಡದೆ ಹೋಗುತ್ತಾರೆ. ತಿರುಗಿ ನೋಡಿದರೆ ಮಗು ಅಳುತ್ತದೆ, ನೋಡಬೇಡಿ ಎಂದು ನಾನೇ ಹೇಳಿಕೊಟ್ಟಿದ್ದೇನೆ. ನಾನು ಮನೆಯಲ್ಲೇ ಡೇಕೇರ್ ನಡೆಸುತ್ತೇನೆ. ಎಂ.ಎಸ್‌ಸಿ. ಓದಿದವಳು ಅಮೆರಿಕಕ್ಕೆ ಹೋಗಿ ಮಕ್ಕಳ ಮೂಗು ಒರೆಸುತ್ತಿದ್ದಾಳೆ ಎಂದು ನೆಂಟರಲ್ಲಿ ಕೆಲವರು ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಆಡಿಕೊಳ್ಳಲಿ. ಅವರ ಮೂಗನ್ನೂ ಯಾರೋ ಒರೆಸಿದ್ದಕ್ಕೇ ಅವರು ದೊಡ್ಡವರಾಗಿದ್ದು.

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನಮ್ಮ ಅತ್ತೆ ಹೇಳುತ್ತಾರೆ. ಸುಳ್ಳಲ್ಲ. ಆದರೆ ಆ ಕೋಪ ಮಕ್ಕಳ ಹತ್ತಿರ ಬರುವುದಿಲ್ಲ. ಎರಡು ವರ್ಷದ ಮಗುವೊಂದು ನಾನು ಕಲಸಿಕೊಟ್ಟ ಸಾರನ್ನವನ್ನು ಬಟ್ಟಲಿನ ಸಮೇತ ನೆಲಕ್ಕೆ ಕವುಚಿದರೆ ನನಗೆ ನಗು ಬರುತ್ತದೆ. ಅದೇ ಕೆಲಸವನ್ನು ದೊಡ್ಡವರು ಮಾಡಿದರೆ ಬರುವುದಿಲ್ಲ.

ಈ ರಾಜ್ಯದಲ್ಲಿ ಮನೆಯಲ್ಲಿ ಪರರ ಮಕ್ಕಳನ್ನು ನೋಡಿಕೊಳ್ಳಬೇಕಾದರೆ ನೋಡಿಕೊಳ್ಳುವವಳ ಬೆರಳಚ್ಚು ಕೊಟ್ಟರೆ ಸಾಲದು. ಆ ಮನೆಯಲ್ಲಿ ವಾಸವಿರುವ ದೊಡ್ಡವರೆಲ್ಲರ ಪೂರ್ವಾಪರವನ್ನೂ ಸರ್ಕಾರ ತಪಾಸಣೆ ಮಾಡುತ್ತದೆ. ಹೆಣ್ಣು ಕೊಡುವ ಮೊದಲು ನಮ್ಮಲ್ಲಿ ಹುಡುಗನ ಮನೆಯ ಬಗ್ಗೆ ನಾಲ್ಕು ಕಡೆ ವಿಚಾರಿಸುವುದಿಲ್ಲವೇ, ಹಾಗೆಯೇ. ವ್ಯತ್ಯಾಸವೆಂದರೆ ಇವರು ನಿಜವಾಗಿ ವಿಚಾರಿಸುತ್ತಾರೆ.

ಶುರುವಿನಲ್ಲಿ ನಾವು ಮೂವರು ಹೋಗಿ ಬೆರಳಚ್ಚು ಕೊಟ್ಟುಬಂದೆವು: ನಾನು, ನನ್ನ ಯಜಮಾನರು, ಅತ್ತೆ. ಮಗಳು ಆಗಲೇ ಆಸ್ಟಿನ್‌ನಲ್ಲಿ ಕಾಲೇಜಿಗೆ ಸೇರಿದ್ದಳು. ಅತ್ತೆ ಮೈಸೂರಿನ ಕಡೆ ಮಿಡ್ಲ್‌ಸ್ಕೂಲಿನಲ್ಲಿ ಟೀಚರಾಗಿದ್ದವರು. ಸಂಜೆ ಹೊತ್ತು ಹೆಂಗಸರನ್ನು ಜಗಲಿಯ ಮೇಲೆ ಕೂರಿಸಿಕೊಂಡು ಅಕ್ಷರ ಕಲಿಸುತ್ತಿದ್ದರಂತೆ. ಬ್ಯಾಂಕಿನಲ್ಲಿ, ಸೊಸೈಟಿಯಲ್ಲಿ ಯಾರೂ ನಿಮ್ಮ ಹೆಬ್ಬೆಟ್ಟು ಹಿಡಿದು ಒತ್ತಿಸಬಾರದು, ನಿಮ್ಮ ಹೆಸರು ನೀವೇ ಬರೆಯಬೇಕು ಎಂಬುದು ಅವರ ಪಾಠದ ಮೊದಲ ಮಾತು. ಅಂಥವರನ್ನು ನಾನು ಕರೆದುಕೊಂಡು ಹೋಗಿ ಸ್ಕ್ಯಾನರಿನ ಗಾಜಿನ ಮೇಲೆ ಹೆಬ್ಬೆಟ್ಟು ಒತ್ತಲು ಹೇಳಿದೆ. ಅವರು ಅಲ್ಲಿದ್ದ ಹುಡುಗಿಯನ್ನು ಇಂಗ್ಲಿಷಿನಲ್ಲಿ ಪೆನ್ನು ಕೇಳಿದರು. ಸಹಿ ಬೇಡ, ಬೆರಳು ಸಾಕು ಎಂದಳು ಅವಳು. ಅತ್ತೆ ಕೈ ಬಿಗಿ ಹಿಡಿದರು. ಕೈ ಸಡಿಲ ಬಿಡಿ, ನಾನೇ ಹೊರಳಿಸುತ್ತೇನೆ ಎಂದು ಆ ಹುಡುಗಿ ಎಷ್ಟು ಹೇಳಿದರೂ ಬಿಡಲಿಲ್ಲ. ಒಂದೊಂದು ಬೆರಳನ್ನೂ ಮತ್ತೆ ಮತ್ತೆ ತೆಗೆಯಬೇಕಾಯಿತು.

ಮೂವರದೂ ಸರಿಯಾಗಿ ಬಂತು. ಮಕ್ಕಳು ಬರತೊಡಗಿದರು. ನಮ್ಮವರದೇ ಮಕ್ಕಳು ಹೆಚ್ಚು, ಕನ್ನಡದವರು, ತೆಲುಗಿನವರು, ಒಂದೆರಡು ಗುಜರಾತಿ. ಅತ್ತೆ ಎಲ್ಲಕ್ಕೂ ಅ ಆ ಇ ಈ ಹೇಳಿಕೊಟ್ಟರು. ಅಹಮದಾಬಾದಿನ ದಂಪತಿಯ ಮಗು ಮನೆಗೆ ಹೋಗಿ ಕನ್ನಡದಲ್ಲಿ ಎಣಿಸತೊಡಗಿತೆಂದು ಅವರಮ್ಮ ನಗುತ್ತ ಬಂದು ಹೇಳಿದಳು. ನಾನು ಇಷ್ಟು ನೆಮ್ಮದಿಯಾಗಿ ಇದ್ದದ್ದು ಈ ದೇಶಕ್ಕೆ ಬಂದ ಮೇಲೆ ಅದೇ ಮೊದಲು.

ಆಮೇಲೆ ಹ್ಯೂಸ್ಟನ್‌ನಿಂದ ನನ್ನ ಮೈದುನ ಬಂದ.

ಎರಡು ಸೂಟ್‌ಕೇಸು, ಒಂದು ರೈಸ್ ಕುಕ್ಕರ್ ತಂದಿದ್ದ. ಪ್ರಾಜೆಕ್ಟ್ ಮುಗಿದಿದೆ, ಇಲ್ಲೇ ಕೆಲಸ ಹುಡುಕುತ್ತಾನೆ ಎಂದು ಇಲ್ಲಿನ ನಮ್ಮವರಿಗೆಲ್ಲ ಹೇಳಿದೆವು. ಪ್ರಾಜೆಕ್ಟ್ ಮುಗಿದದ್ದು ನಿಜ. ಅದಕ್ಕೂ ಮೊದಲು ಅವನ ಹೆಂಡತಿ ಒಂದು ಸಂಜೆ ಪೊಲೀಸರನ್ನು ಕರೆಸಿದ್ದಳು, ಅವರು ಇವನನ್ನು ಕರೆದೊಯ್ದು ಒಂದು ದಿನ ಒಳಗಿಟ್ಟಿದ್ದರು, ಕೇಸಾಗಿತ್ತು. ಅವಳು ಎರಡನೆಯ ಸಲ ಕೋರ್ಟಿಗೆ ಬರಲಿಲ್ಲ, ಕೇಸು ವಜಾ ಆಯಿತು. ಅವಳು ಆಸ್ಟಿನ್ ಕಡೆ ಕೆಲಸ ಹುಡುಕಿಕೊಂಡು ಹೋದಳು. ನಮ್ಮ ಮನೆಯಲ್ಲಿ ಇದಕ್ಕೆ ಇದ್ದ ಹೆಸರು ಗಂಡ ಹೆಂಡಿರ ಜಗಳ. ಅಷ್ಟಕ್ಕೆಲ್ಲ ಯಾರಾದರೂ ಪೊಲೀಸರನ್ನು ಕರೆಸುತ್ತಾರಾ ಎಂದು ನನ್ನ ಯಜಮಾನರು ಒಮ್ಮೆ ಅಂದರು, ಅತ್ತೆ ಅದಕ್ಕೆ ತಲೆಯಾಡಿಸಿದರು. ಅಷ್ಟಕ್ಕೆ ಎಂದರೆ ಎಷ್ಟಕ್ಕೆ ಎಂದು ಯಾರೂ ಕೇಳಲಿಲ್ಲ. ಫೋನಿನಲ್ಲಿ ಮೈಸೂರಿನ ನೆಂಟರೂ ಕೇಳಲಿಲ್ಲ. ನಮ್ಮಲ್ಲಿ ಸಂಬಳ ಎಷ್ಟು, ಇನ್ನೂ ಯಾಕೆ ಮಕ್ಕಳಾಗಿಲ್ಲ ಎಂದೆಲ್ಲ ನಡುಮನೆಯಲ್ಲೇ ಕೇಳುತ್ತಾರೆ. ಇದನ್ನು ಮಾತ್ರ ಕೇಳುವುದಿಲ್ಲ.

ಅವನ ಮೇಲೆ ನನಗೆ ಮೊದಲಿನಿಂದಲೂ ಅಕ್ಕರೆ. ನಾನು ಸೊಸೆಯಾಗಿ ಬಂದಾಗ ಪಿಯುಸಿ ಓದುತ್ತಿದ್ದ, ಅತ್ತಿಗೆ ಅತ್ತಿಗೆ ಎಂದು ಹಿಂದೆ ಮುಂದೆ ತಿರುಗುತ್ತಿದ್ದ. ಇಲ್ಲಿಗೆ ಬಂದ ಮೇಲೂ ಹಾಗೆಯೇ. ಪಾತ್ರೆ ತೊಳೆದಿಡುತ್ತಿದ್ದ, ಕಸ ಹೊರಗೆ ಹಾಕುತ್ತಿದ್ದ, ಅತ್ತೆಯ ಮಂಡಿಗೆ ಎಣ್ಣೆ ಹಚ್ಚುತ್ತಿದ್ದ. ಮಹಡಿಯ ರೂಮಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತವನು ಮಕ್ಕಳ ಸದ್ದು ಕೇಳಿ ಇಳಿದು ಬರುತ್ತಿದ್ದ. ಹೊಸದಾಗಿ ಸೇರಿದ್ದ ಒಂದು ಹೆಣ್ಣುಮಗು ಮಧ್ಯಾಹ್ನ ಯಾರು ತಟ್ಟಿದರೂ ಮಲಗುತ್ತಿರಲಿಲ್ಲ. ಇವನ ಹೆಗಲ ಮೇಲೆ ತಲೆಯಿಟ್ಟರೆ ಎರಡು ನಿಮಿಷ, ನಿದ್ದೆ. ಎಲ್ಲ ಮಕ್ಕಳೂ ಅವನನ್ನು ಚಿಕ್ಕಪ್ಪ ಅನ್ನುತ್ತಿದ್ದವು.

ಮನೆಯಲ್ಲಿ ಹೊಸಬರು ಬಂದು ಉಳಿದರೆ ಡೇಕೇರ್‌ಗಳಿಗೆ ಲೈಸೆನ್ಸ್ ಕೊಡುವ ಇಲಾಖೆಗೆ ತಿಳಿಸಬೇಕು, ಅವರ ತಪಾಸಣೆ ಮುಗಿಯುವವರೆಗೆ ಮಕ್ಕಳಿರುವ ಹೊತ್ತಿನಲ್ಲಿ ಅವರು ಮನೆಯಲ್ಲಿರಬಾರದು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಯಜಮಾನರನ್ನು ಕೇಳಿದೆ. ಅವನು ಗೆಸ್ಟ್ ಕಣೆ, ಎರಡು ವಾರದಲ್ಲಿ ಕೆಲಸ ಸಿಗುತ್ತೆ, ಹೇಳಿದರೆ ಸುಮ್ಮನೆ ತಲೆನೋವು ಎಂದರು. ಎರಡು ವಾರ ಎರಡು ತಿಂಗಳಾಯಿತು. ಅಷ್ಟರಲ್ಲಿ ಅತ್ತೆಗೂ ಪಾಠ ಹೇಳಿಕೊಟ್ಟಾಗಿತ್ತು: ಯಾರಾದರೂ ಬಂದು ಕೇಳಿದರೆ ಕಿರಿಯ ಮಗ ನೆಂಟನಾಗಿ ಬಂದಿದ್ದಾನೆ, ಹೊರಟುಬಿಡುತ್ತಾನೆ ಎನ್ನಬೇಕು. ಅತ್ತೆ ಹೂಂ ಎಂದಿದ್ದರು. ಮೂರು ಸಲ ಹೇಳಿಸಿ ನೋಡಿದ ಮೇಲೂ ಅವರ ಹೂಂ ನನಗೆ ಅಷ್ಟು ಗಟ್ಟಿಯಾಗಿ ಕೇಳಿಸಲಿಲ್ಲ.

ಇಲಾಖೆಯ ಇನ್ಸ್‌ಪೆಕ್ಟರ್ ಹೇಳದೆ ಕೇಳದೆ ಬರುತ್ತಾರೆ. ಅವರ ಕೆಲಸವೇ ಅದು. ನನ್ನದೇ ವಯಸ್ಸಿನ ಹೆಂಗಸು, ಕೊರಳಲ್ಲಿ ಬ್ಯಾಡ್ಜ್, ಬಹಳ ಮರ್ಯಾದಸ್ಥೆ, ಶೂ ಬಿಚ್ಚಿ ಒಳಗೆ ಬರುತ್ತಾಳೆ. ಆ ದಿನ ಊಟದ ಹೊತ್ತಿಗೆ ಬಂದಳು. ಮಕ್ಕಳನ್ನು ಎಣಿಸಿದಳು, ಸಿಂಕಿನ ಕೆಳಗಿನ ಬೀಗ ಎಳೆದು ನೋಡಿದಳು, ಬಿಸಿನೀರು ಎಷ್ಟು ಬಿಸಿ ಎಂದು ಕೈಯಿಟ್ಟಳು. ನಾನು ಒಂದು ಮಗುವಿಗೆ ಡಯಾಪರ್ ಹಾಕುತ್ತಿದ್ದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತೆಯನ್ನು ಮಾತಿಗೆಳೆದಳು. ಈಗ ಮನೆಯಲ್ಲಿ ಯಾರ್ಯಾರು ಇದ್ದೀರಿ ಎಂದು ಕೇಳಿದಳು, ಹವಾಮಾನ ಕೇಳಿದಷ್ಟೇ ಸಲೀಸಾಗಿ.

ಅತ್ತೆ ಸೌಟು ಕೆಳಗಿಟ್ಟರು. ತರಗತಿಯಲ್ಲಿ ಹಾಜರಿ ಹೇಳುವವರ ಹಾಗೆ ಬೆರಳು ಮಡಚುತ್ತ ತಮ್ಮ ಸ್ಕೂಲಿನ ಇಂಗ್ಲಿಷಿನಲ್ಲಿ ಹೇಳಿದರು: ದೊಡ್ಡ ಮಗ, ಸೊಸೆ, ನಾನು, ಚಿಕ್ಕ ಮಗ. ನಾನು ಅಲ್ಲಿಂದಲೇ, ನೋಡಲು ಬಂದಿದ್ದಾನೆ, ಅಷ್ಟೇ ಎಂದು ಕೂಗಿ ಹೇಳಿದೆ. ಇನ್ಸ್‌ಪೆಕ್ಟರ್ ಅತ್ತೆಯ ಕಡೆ ತಿರುಗಿ, ಅವರು ಭೇಟಿಗೆ ಬಂದವರೋ ಎಂದಳು. ಅತ್ತೆಗೆ ನನ್ನ ಮುಖವೂ ಕಾಣುತ್ತಿತ್ತು. ಆದರೂ ಅವರು, ಅದು ಹೇಗೆ ಭೇಟಿ ಆಗುತ್ತದೆ, ಇದು ಅವನ ಅಣ್ಣನ ಮನೆ, ಅವನ ಅಮ್ಮ ಇಲ್ಲಿದ್ದಾಳೆ, ಇದು ಅವನದೇ ಮನೆ ಎಂದರು. ಹೇಳುವಾಗ ಒಂದು ಬಗೆಯ ಹೆಮ್ಮೆಯೂ ಇತ್ತು. ಆ ಹೊತ್ತಿಗೆ ಸರಿಯಾಗಿ ಅವನು ಮೆಟ್ಟಿಲಿಳಿದು ಬಂದ. ಹೆಗಲ ಮೇಲೆ ಆ ಹೆಣ್ಣುಮಗು ಮಲಗಿತ್ತು.

ಇನ್ಸ್‌ಪೆಕ್ಟರ್ ರೇಗಲಿಲ್ಲ. ನನ್ನ ಹೆಸರಿನ ಮುಂದೆ ಒಂದು ತಪ್ಪು ಬರೆದುಕೊಂಡಳು, ಇವನು ತಕ್ಷಣ ಬೆರಳಚ್ಚು ಕೊಡಬೇಕು, ಫಲಿತಾಂಶ ಬರುವವರೆಗೆ ಮಕ್ಕಳಿರುವಾಗ ಇಲ್ಲಿರಬಾರದು ಎಂದಳು. ಮತ್ತೆ ಇಂಥದ್ದಾದರೆ ಡೇಕೇರ್ ನಡೆಸಲು ಬಿಡುವುದಿಲ್ಲ ಎಂದೂ ಹೇಳಿದಳು. ಅವನು ಮಗುವನ್ನು ನನ್ನ ಕೈಗೆ ಕೊಟ್ಟು ಬರಿಗಾಲಲ್ಲೇ ಗರಾಜಿಗೆ ಹೋಗಿ ನಿಂತ.

ಅವಳು ಹೋದ ಮೇಲೆ ನಾನು ಅತ್ತೆಯ ಮೇಲೆ ಹರಿಹಾಯ್ದೆ. ಅಷ್ಟು ಹೇಳಿಕೊಟ್ಟರೂ ಒಂದು ಮಾತು ಹೇಳಲಾಗಲಿಲ್ಲವೇ ಎಂದೆ. ಅತ್ತೆ ಸ್ಟೂಲಿನ ಮೇಲೆ ಕೂತಿದ್ದರು.

"ನಾನು ಹೆತ್ತವನನ್ನ ನೆಂಟ ಅಂತ ನನ್ನ ಬಾಯಲ್ಲೇ ಹೇಗಮ್ಮ ಹೇಳ್ಲಿ? ನೀನು ಹೇಳ್ಕೊಟ್ಟಿದ್ದೆ, ನೆನಪಿತ್ತು. ಬಾಯಿಗೆ ಬರ್ಲಿಲ್ಲ" ಎಂದರು.

ನನ್ನ ಸಿಟ್ಟು ಇಳಿಯಲಿಲ್ಲ.

ಆ ವಾರವೇ ಅವನನ್ನು ನಾನೇ ಬೆರಳಚ್ಚಿಗೆ ಕರೆದೊಯ್ದೆ. ಟ್ಯಾಕ್ಸ್ ಆಫೀಸೊಂದರ ಪಕ್ಕದ ಅದೇ ಪುಟ್ಟ ರೂಮು, ಅದೇ ಹುಡುಗಿ. ಅವನು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ, ಇಂಟರ್‌ವ್ಯೂಗೆ ಹೋಗುವವರ ಹಾಗೆ. ಗಾಜಿನ ಮುಂದೆ ನಿಂತು ಕೈ ಚಾಚಿದ. ಹುಡುಗಿ ಒಂದೊಂದೇ ಬೆರಳನ್ನು ಹಿಡಿದು ಹೊರಳಿಸಿದಳು. ಅವನ ಕೈ ಎಷ್ಟು ಸಡಿಲವಾಗಿತ್ತೆಂದರೆ ಅವಳು ಹೀಗೆ ಕೊಟ್ಟರೆ ನನ್ನ ಕೆಲಸ ಸುಲಭ ಎಂದು ಹೊಗಳಿದಳು. ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತು ನಾನು ಆ ಕೈಯನ್ನೇ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಪಾತ್ರೆ ತೊಳೆದ, ಮಕ್ಕಳ ಬೆನ್ನು ತಟ್ಟಿದ ಕೈ. ಹ್ಯೂಸ್ಟನ್‌ನ ಮನೆಯಲ್ಲಿ ಆ ಸಂಜೆ ಇದೇ ಕೈ ಏನು ಮಾಡಿತು ಎನ್ನುವುದು ನನಗೆ ಗೊತ್ತೇ ಇಲ್ಲವಲ್ಲ ಎಂದು ಆಗ ಅನ್ನಿಸಿತು. ಒಂದು ಗಾಜಿನ ತುಂಡು ಕೇಳುತ್ತಿರುವುದನ್ನು ನಾವು ಇಷ್ಟು ಜನ ಸೇರಿ ಕೇಳಿರಲಿಲ್ಲ.

ವಾಪಸ್ ಬರುವಾಗ ಅವನೇ ಮಾತು ತೆಗೆದ. ಕೇಸು ವಜಾ ಆಗಿದೆ ಅತ್ತಿಗೆ, ಏನೂ ಬರಲ್ಲ ಅಲ್ವಾ ಎಂದ. ನಾನು ಕಾರನ್ನು ಒಂದು ಡೋನಟ್ ಅಂಗಡಿಯ ಮುಂದೆ ನಿಲ್ಲಿಸಿದೆ. ಡ್ರೈವ್ ಮಾಡುತ್ತ ಕೇಳುವ ಮಾತಾಗಿರಲಿಲ್ಲ ಅದು.

"ಅವಳಿಗೆ ಹೊಡೆದಿದ್ಯಾ?" ಎಂದು ಕೇಳಿದೆ.

ಅವನು ಸೀಟ್ ಬೆಲ್ಟ್ ಬಿಚ್ಚಿ ಮತ್ತೆ ಹಾಕಿಕೊಂಡ. ಆಮೇಲೆ, "ಒಂದ್ಸಲ ಕೈ ಎತ್ತಿದೆ ಅತ್ತಿಗೆ. ಒಂದೇ ಸಲ" ಎಂದ.

ನಂಬಿದೆ. ನಂಬುವುದು ಸುಲಭವಾಗಿತ್ತು, ನಂಬಿದೆ. ಅಂಗಡಿಯಿಂದ ಎರಡು ಡೋನಟ್ ತಂದು ಕೊಟ್ಟೆ, ಅವನು ಒಂದನ್ನು ಅಮ್ಮನಿಗೆ ಎಂದು ಎತ್ತಿಟ್ಟ.

ಫಲಿತಾಂಶ ಬರುವವರೆಗೆ ಅವನು ಬೆಳಿಗ್ಗೆ ಮಕ್ಕಳು ಬರುವ ಮೊದಲೇ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿ ಮನೆ ಬಿಡುತ್ತಿದ್ದ. ಲೈಬ್ರರಿ, ಇಂಡಿಯನ್ ಅಂಗಡಿಯ ಮೂಲೆಯಲ್ಲಿರುವ ಚಹಾದ ಮೇಜು, ಪಾರ್ಕು. ಅತ್ತೆ ಅವನಿಗೆ ಡಬ್ಬಿ ಕಟ್ಟಿ ಕೊಡುತ್ತಿದ್ದರು, ಸ್ಕೂಲಿಗೆ ಕಳಿಸುವ ಹಾಗೆ. ಬಿಸಿಲು ಹೊತ್ತಿ ಉರಿಯುತ್ತಿದ್ದ ದಿನಗಳವು. ಸಂಜೆ ಕೊನೆಯ ಕಾರು ಹೋದ ಮೇಲೆ ರಸ್ತೆಯ ತಿರುವಿನಿಂದ ಬೆವರುತ್ತ ಬರುತ್ತಿದ್ದ. ಅತ್ತೆ ಕಿಟಕಿಯಲ್ಲೇ ನಿಂತಿರುತ್ತಿದ್ದರು. ನಾನು ಅವನಿಗೆಂದು ಮಜ್ಜಿಗೆ ತೆಗೆದಿಡುತ್ತಿದ್ದೆ. ಆ ಹೆಣ್ಣುಮಗು ಮಧ್ಯಾಹ್ನ ಚಿಕ್ಕಪ್ಪ ಎಲ್ಲಿ ಎನ್ನುವ ಹಾಗೆ ಮಹಡಿಯ ಮೆಟ್ಟಿಲ ಕಡೆ ಕೈ ತೋರಿಸಿ ಅಳುತ್ತಿತ್ತು.

ಬಂದ ಉತ್ತರ ಇಲ್ಲ ಎಂದೂ ಇರಲಿಲ್ಲ, ಹೌದು ಎಂದೂ ಇರಲಿಲ್ಲ. ಕೇಸು ವಜಾ ಆಗಿದ್ದರೂ ಅರೆಸ್ಟ್ ಆದದ್ದು ದಾಖಲೆಯಲ್ಲಿತ್ತು. ಇನ್ನೂ ಪರಿಶೀಲಿಸಬೇಕು, ಅವನು ತನ್ನ ಹೇಳಿಕೆ ಕೊಡಬೇಕು, ಕೋರ್ಟಿನ ಕಾಗದ ಕೊಡಬೇಕು. ಜೊತೆಗೆ ಈ ವ್ಯಕ್ತಿ ಮನೆಯಲ್ಲಿದ್ದರೆ ಮಕ್ಕಳಿಗೆ ಯಾವ ಅಪಾಯವೂ ಇಲ್ಲ ಎಂದು ಯಾಕೆ ನಂಬುತ್ತೀರಿ ಎಂಬುದನ್ನು ಡೇಕೇರ್ ನಡೆಸುವವಳಾದ ನಾನು ಬರೆದುಕೊಡಬೇಕು. ನಾನು ಬರೆಯದಿದ್ದರೆ ಅವನು ಈ ಮನೆಯಲ್ಲಿ ಇರುವಂತಿಲ್ಲ. ಅವನು ಇದ್ದರೆ ಡೇಕೇರ್ ಇಲ್ಲ.

ಬರೆದು ಬಿಸಾಕು, ಎರಡು ಸಾಲು ತಾನೇ ಎಂದರು ಯಜಮಾನರು. ಅತ್ತೆ ಅವತ್ತು ನನ್ನ ತಟ್ಟೆಗೆ ತಾವೇ ಬಡಿಸಿದರು. ಎರಡು ಸಾಲು ಬರೆಯಲು ನಾನು ಎರಡು ಸಲ ಕೂತೆ. ಬಹಳ ಒಳ್ಳೆಯವನು ಎಂದು ಬರೆದೆ. ಮಕ್ಕಳು ಅವನನ್ನು ಹಚ್ಚಿಕೊಂಡಿವೆ ಎಂದು ಬರೆದೆ. ಒಂದೂ ಸುಳ್ಳಲ್ಲ. ಕೆಳಗೆ ಸಹಿ ಹಾಕಲು ಹೋದರೆ ಕೈ ಬರಲಿಲ್ಲ. ನನ್ನ ಸಹಿ ನಂಬಿಕೊಂಡು ಯಾರೋ ಒಬ್ಬ ತಾಯಿ ಬೆಳಿಗ್ಗೆ ಹಿಂತಿರುಗಿ ನೋಡದೆ ಹೋಗುತ್ತಾಳೆ. ನನಗೆ ಗೊತ್ತಿದ್ದದ್ದು ಅವನ ಬಾಯಿಂದ ಬಂದ ಒಂದೇ ಸಲ ಎಂಬ ಮಾತು ಮಾತ್ರ. ಗೊತ್ತಿದ್ದವಳು ಇನ್ನೊಬ್ಬಳಿದ್ದಳು.

ಮಗಳನ್ನು ರಜೆಗೆ ಕರೆತರಲು ಆಸ್ಟಿನ್‌ಗೆ ಹೋಗುವುದಿತ್ತು. ಹೋಗುವಾಗ ಫ್ಲೂಗರ್‌ವಿಲ್‌ನಲ್ಲಿ ನನ್ನ ಓರಗಿತ್ತಿಯ ಅಪಾರ್ಟ್‌ಮೆಂಟಿಗೆ ಹೋದೆ. ಬರುತ್ತೇನೆಂದು ಮೆಸೇಜು ಮಾಡಿದ್ದೆ, ಬರ್ರಿ ಎಂದಷ್ಟೇ ಉತ್ತರ ಬಂದಿತ್ತು. ಅವಳು ಧಾರವಾಡದವಳು. ಮದುವೆಯಾದ ಹೊಸತರಲ್ಲಿ ಅವಳ ಮಾತು ಕೇಳಲೆಂದೇ ನಾನು ಹ್ಯೂಸ್ಟನ್‌ಗೆ ಫೋನು ಮಾಡುತ್ತಿದ್ದೆ. ಆಮೇಲೆ ಫೋನುಗಳು ಕಡಿಮೆಯಾದವು, ಅವಳು ಮಾತಾಡುವುದೂ ಕಡಿಮೆಯಾಯಿತು. ಕೆಲಸ ಜಾಸ್ತಿ ಇರಬೇಕು ಎಂದುಕೊಂಡಿದ್ದೆವು.

ಮನೆಯಲ್ಲಿ ಒಂದು ಸೋಫಾ, ಒಂದು ಮೇಜು, ಕಿಟಕಿಯಲ್ಲಿ ತುಳಸಿ. ಅವಳು ಅವಲಕ್ಕಿ ಒಗ್ಗರಣೆ ಮಾಡಿದ್ದಳು. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. ಬಂದ ಕಾರಣ ಹೇಳಿದೆ: ನನ್ನ ಡೇಕೇರ್, ಅವನ ಬೆರಳಚ್ಚು, ನಾನು ಬರೆದುಕೊಡಬೇಕಾದ ಮಾತು. ಅವನು ಒಂದು ಸಲ ಎಂದು ಹೇಳಿದ್ದನ್ನೂ ಹೇಳಿದೆ. ಅವಳು ತಟ್ಟೆಯಲ್ಲಿದ್ದ ಕರಿಬೇವನ್ನು ಬೆರಳಿನಿಂದ ಅಂಚಿಗೆ ಸರಿಸುತ್ತಿದ್ದಳು.

"ಪೊಲೀಸರು ಕೇಳಿದ್ರು. ಕೋರ್ಟಿನಾಗ ಕೇಳಿದ್ರು. ಮನಿ ಮಂದ್ಯಾಗ ಕೇಳಿದವ್ರು ನೀವ ಮೊದಲಿನವ್ರು, ಅಕ್ಕಾ" ಎಂದಳು. ತಟ್ಟೆ ಪಕ್ಕಕ್ಕಿಟ್ಟು, "ಮದುವಿ ಆದ ವರ್ಷಾನ ಚಾಲೂ ಆತ್ರಿ. ಒಂದ ಸಲ ಅಂದ್ರ, ನಾ ಫೋನ್ ಮಾಡಿದ್ದು ಒಂದ ಸಲ" ಎಂದಳು.

ಮತ್ತೆ ಕೋರ್ಟಿಗೆ ಯಾಕೆ ಹೋಗಲಿಲ್ಲ ಎಂದೆ. ಸಾಕಾಗಿತ್ತಂತೆ. ದೂರ ಹೋದರೆ ಸಾಕೆನಿಸಿತಂತೆ. ಹಾಗಾದರೆ ಬರೆಯುವುದಿಲ್ಲ ಬಿಡು ಎಂದೆ. ಅವಳು ತಲೆಯೆತ್ತಿ ನೋಡಿದಳು. ಅವಳ ಮಾತಿನಲ್ಲಿ ಸಿಟ್ಟು ಇರಲೇ ಇಲ್ಲ, ಅದನ್ನೇ ನನಗೆ ಇವತ್ತಿಗೂ ತಡೆಯಲಾಗುವುದಿಲ್ಲ.

"ಬೇಕಾದ್ರ ಬರದ ಕೊಡ್ರಿ. ಹುಡುಗ್ರ ಮ್ಯಾಲೆ ಅವ್ರು ಕೈ ಮಾಡಂಗಿಲ್ಲ, ಅದು ಖರೇನ. ಸಣ್ಣ ಹುಡುಗ್ರು ಎದುರು ಮಾತಾಡಂಗಿಲ್ಲಲ್ಲರಿ."

ಅವಳಿಗೆ ಮಕ್ಕಳಿಲ್ಲ. ಇದ್ದಿದ್ದರೆ ಹೀಗೆ ಅನ್ನುತ್ತಿರಲಿಲ್ಲ. ನನ್ನ ಮನೆಗೆ ಬರುವ ಮಕ್ಕಳು ಬೆಳಗಿನಿಂದ ಸಂಜೆಯವರೆಗೆ ಆಡುವುದು ಒಂದೇ ಮಾತು, ನೋ. ಅನ್ನ ಕಲಸಿದರೆ ನೋ, ಶೂ ಹಾಕಿದರೆ ನೋ, ಮಲಗು ಎಂದರೆ ನೋ. ಕನ್ನಡದಲ್ಲಿ ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ನೋ. ಅವನ ಹೆಗಲ ಮೇಲೆ ನಿದ್ದೆಹೋಗುವ ಆ ಮಗು ಇನ್ನೂ ಅಷ್ಟು ಬೆಳೆದಿರಲಿಲ್ಲ, ಅಷ್ಟೇ. ಆಸ್ಟಿನ್‌ನಿಂದ ಡಾಲಸ್‌ವರೆಗೆ ಮಗಳು ಪಕ್ಕದಲ್ಲಿ ಏನೇನೋ ಹೇಳುತ್ತಿದ್ದಳು. ನನಗೆ ಒಂದೂ ತಲೆಗೆ ಹೋಗಲಿಲ್ಲ.

ಮನೆಗೆ ಬಂದು, ಬರೆಯುವುದಿಲ್ಲ ಎಂದೆ. ಯಜಮಾನರು ಮೊದಲು ನಕ್ಕರು, ಆಮೇಲೆ ಕೂಗಾಡಿದರು. ನನ್ನ ತಮ್ಮನನ್ನು ಬೀದಿಗೆ ಹಾಕುತ್ತಿದ್ದೀಯ ಎಂದರು. ಯಾರದೋ ಮಕ್ಕಳ ಮೂಗು ಒರೆಸುವ ಕೆಲಸ ನಿನಗೆ ಮನೆಯವರಿಗಿಂತ ಹೆಚ್ಚಾಯಿತಾ ಎಂದರು. ನೆಂಟರು ಆಡಿಕೊಂಡದ್ದನ್ನು ಇವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ನಾನೂ ಬಿಡಲಿಲ್ಲ, ಅಷ್ಟಕ್ಕೆಲ್ಲ ಪೊಲೀಸ್ ಯಾಕೆ ಎಂದಿದ್ದಿರಲ್ಲ, ಎಷ್ಟಕ್ಕೆ ಎಂದು ಹೋಗಿ ಕೇಳಿಕೊಂಡು ಬನ್ನಿ ಎಂದೆ. ಮೈದುನ ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದ. ನಾನು ಅವನ ಕಡೆ ನೋಡಿದಾಗ ಅವನು ಇಲ್ಲ ಅನ್ನಲಿಲ್ಲ. ಮೇಲಕ್ಕೆ ಹೋಗಿ ಬಾಗಿಲು ಹಾಕಿಕೊಂಡ.

ಅತ್ತೆಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು. ಎದುರಿಗೆ ಕೂತು ನಾನೂ ಒಂದು ಹಿಡಿ ತೆಗೆದುಕೊಂಡೆ. ಅವಳು ಹೇಳಿದ್ದನ್ನು ಅವಳು ಹೇಳಿದ ಹಾಗೇ ಹೇಳಿದೆ, ಒಂದು ಮಾತು ಸೇರಿಸಲಿಲ್ಲ, ಬಿಡಲಿಲ್ಲ. ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. ಯಾವಾಗಿನಿಂದ ಎಂದು ಮಾತ್ರ ಕೇಳಿದರು. ಮದುವೆಯಾದ ವರ್ಷದಿಂದ ಎಂದೆ. ಸೊಪ್ಪು ಮುಗಿದ ಮೇಲೆ ಎದ್ದು ಕಡ್ಡಿಗಳನ್ನೆಲ್ಲ ಕಸಕ್ಕೆ ಹಾಕಿ, ಕೈ ತೊಳೆದುಕೊಂಡು ದೇವರ ಮುಂದೆ ಹೋಗಿ ಕೂತರು. ದೀಪ ಹಚ್ಚಲಿಲ್ಲ.

ಅವನು ಲಾಸ್ ಕೊಲಿನಾಸ್ ಹತ್ತಿರ ಇನ್ನಿಬ್ಬರು ಹುಡುಗರ ಜೊತೆ ಅಪಾರ್ಟ್‌ಮೆಂಟಿಗೆ ಶಿಫ್ಟ್ ಆದ. ಹೊರಡುವಾಗ ಅಮ್ಮನ ಕಾಲಿಗೆ ನಮಸ್ಕರಿಸಿದ. ಅತ್ತೆ ಎಂದಿನ ಹಾಗೆ ತಲೆ ಸವರಲು ಕೈ ಮುಂದೆ ತಂದವರು, ಹಿಂದಕ್ಕೆ ತೆಗೆದುಕೊಂಡು, ಅವನ ಕೈಗೆ ನಿಂಬೆಹಣ್ಣಿನ ಉಪ್ಪಿನಕಾಯಿ ಬಾಟಲಿ ಕೊಟ್ಟರು. ನನ್ನ ಕಡೆ ಅವನು ನೋಡಲಿಲ್ಲ. ರೈಸ್ ಕುಕ್ಕರ್ ಬಿಟ್ಟುಹೋಗಿದ್ದ, ಯಜಮಾನರು ಕಾರಿನ ಹಿಂದೆ ಓಡಿ ಕೊಟ್ಟು ಬಂದರು. ಆಮೇಲೆ ಬಹಳ ದಿನ ಅವರು ನನ್ನ ಹತ್ತಿರ ಬೇಕಾದಷ್ಟೇ ಮಾತಾಡಿದರು.

ಅತ್ತೆಯೂ ಮಾತಾಡಲಿಲ್ಲ. ಮಕ್ಕಳಿಗೆ ಅ ಆ ಇ ಈ ಹೇಳಿಕೊಡುತ್ತಿದ್ದರು, ನನಗೆ ಬೇಕಾದ್ದು ಕೊಡುತ್ತಿದ್ದರು, ಅಷ್ಟೇ. ಒಂದು ದಿನ ಇದ್ದಕ್ಕಿದ್ದ ಹಾಗೆ, ಅವಳು ಅಲ್ಲಿ ಒಬ್ಬಳೇ ಅಡುಗೆ ಮಾಡಿಕೊಂಡು ಉಣ್ಣುತ್ತಾಳಾ ಎಂದು ಕೇಳಿದರು. ಅವಲಕ್ಕಿ ಕೊಟ್ಟಿದ್ದಳು ಎಂದೆ. ಮೈದುನ ಭಾನುವಾರಗಳಲ್ಲಿ ಬರತೊಡಗಿದ, ಮಕ್ಕಳಿಲ್ಲದ ದಿನ. ಅಡುಗೆಮನೆಯಲ್ಲಿ ನಿಂತು ಬಾಣಲೆಯಿಂದಲೇ ತಿನ್ನುತ್ತಿದ್ದವನು ಈಗ ಊಟದ ಮೇಜಿಗೆ ಕೂರುತ್ತಾನೆ. ಅತ್ತೆ ಬಡಿಸುತ್ತಾರೆ. ಅವನು ಸಾಕು ಎಂದರೆ ಮತ್ತೆ ಒತ್ತಾಯ ಮಾಡುವುದಿಲ್ಲ.

ಕೆಲವು ತಿಂಗಳ ಮೇಲೆ ಅದೇ ಇನ್ಸ್‌ಪೆಕ್ಟರ್ ಬಂದಳು, ಮತ್ತೆ ಹೇಳದೆ ಕೇಳದೆ, ಮತ್ತೆ ಊಟದ ಹೊತ್ತಿಗೆ. ನಾನು ಮಕ್ಕಳನ್ನು ಕೂರಿಸುತ್ತಿದ್ದೆ. ಅವಳು ಶೂ ಬಿಚ್ಚಿ, ಎಣಿಸಿ, ಬೀಗ ಎಳೆದು, ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತಳು. ಈಗ ಮನೆಯಲ್ಲಿ ಯಾರ್ಯಾರು ಇದ್ದೀರಿ ಎಂದು ಅತ್ತೆಯನ್ನೇ ಕೇಳಿದಳು. ಈ ಸಲ ನಾನು ಅತ್ತೆಗೆ ಏನೂ ಹೇಳಿಕೊಟ್ಟಿರಲಿಲ್ಲ, ಅಂಥ ಮಾತು ನಮ್ಮಿಬ್ಬರ ನಡುವೆ ಉಳಿದಿರಲೇ ಇಲ್ಲ.

ಅತ್ತೆ ಸೌಟು ಕೆಳಗಿಟ್ಟರು. ದೊಡ್ಡ ಮಗ, ಸೊಸೆ, ನಾನು ಎಂದು ಮೂರು ಬೆರಳು ಮಡಚಿದರು. ನಾಲ್ಕನೆಯ ಬೆರಳು ನೆಟ್ಟಗೇ ಉಳಿಯಿತು. ನಿಮ್ಮ ಚಿಕ್ಕ ಮಗ ಎಂದಳು ಇನ್ಸ್‌ಪೆಕ್ಟರ್. ಅವನು ಇಲ್ಲಿಲ್ಲ, ಭಾನುವಾರ ಬಂದು ಹೋಗುತ್ತಾನೆ, ನೆಂಟ ಎಂದು ಅತ್ತೆ ತಮ್ಮ ಸ್ಕೂಲಿನ ಇಂಗ್ಲಿಷಿನಲ್ಲಿ, ಒಂದೊಂದು ಮಾತನ್ನೂ ಬಿಡಿಸಿ ಹೇಳಿದರು. ಇನ್ಸ್‌ಪೆಕ್ಟರ್ ಥ್ಯಾಂಕ್ಸ್ ಹೇಳಿ, ಮಕ್ಕಳಿಗೆ ಟಾಟಾ ಮಾಡಿ ಹೋದಳು.

ನಾನು ಅಡುಗೆಮನೆಗೆ ಹೋದೆ. ಅತ್ತೆ ಒಲೆಯ ಕಡೆ ಮುಖ ಮಾಡಿ ನಿಂತಿದ್ದರು. ಸಾರು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತ್ತು, ಅವರು ಆರಿಸಿರಲಿಲ್ಲ. ನಾನು ಕೈ ಚಾಚಿ ಒಲೆ ಆರಿಸಿದೆ. ಅವರು ತಿರುಗಲಿಲ್ಲ.

"ಸರಿಯಾಗಿ ಹೇಳಿದ್ನಾ?" ಎಂದು ಕೇಳಿದರು.

"ಸರಿಯಾಗಿ ಹೇಳಿದ್ರಿ ಅತ್ತೆ" ಎಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಮಕ್ಕಳ ತಟ್ಟೆ ತೆಗೆದುಕೊಡು, ಹಸಿದಿವೆ ಎಂದರು.